ನೂರು ಕೋಳಿಗೊಂದು ಸೀಸೆ

ಪ್ರತಿ ಬೇಸಿಗೆ ಬಿಸಿಲು ಏರುತ್ತಿದ್ದಂತೆ ಆ ಬೀದಿಯಲ್ಲಿ ಒಂದು ಪ್ರಶ್ನೆ ಮನೆಯಿಂದ ಮನೆಗೆ ಹೋಗುತ್ತಿತ್ತು: "ನಿಮ್ಮಲ್ಲಿ ಶುರುವಾಯ್ತಾ?" ಏನು ಶುರುವಾಯಿತು ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಒಂದು ಕೋಳಿ ಮಂಕಾಗಿ ಮೂಲೆ ಸೇರುತ್ತಿತ್ತು, ಹಸಿರು ಹಿಕ್ಕೆ ಹಾಕುತ್ತಿತ್ತು, ಕತ್ತು ತಿರುಚಿಕೊಂಡು ಬೀಳುತ್ತಿತ್ತು. ಅಲ್ಲಿಗೆ ವಾರದೊಳಗೆ ಆ ಮನೆಯ ಗೂಡು ಖಾಲಿ.

ದೊಡ್ಡಮ್ಮನ ಮನೆಯಲ್ಲಿ ಮೂರು ವರ್ಷದಿಂದ ಇದೇ ಕಥೆ. ಆಕೆ ನಿಜಕ್ಕೂ ಯಾರ ದೊಡ್ಡಮ್ಮ ಎಂಬುದು ಯಾರಿಗೂ ನೆನಪಿಲ್ಲ, ಬೀದಿಗೆಲ್ಲ ಆಕೆ ದೊಡ್ಡಮ್ಮನೇ. ಹೋದ ಬೇಸಿಗೆಯಲ್ಲಿ ಹದಿನೇಳು ಕೋಳಿಯಲ್ಲಿ ಉಳಿದದ್ದು ಒಂದೇ ಒಂದು, ಕುಳ್ಳಗಾಲಿನ ಗಿಡ್ಡಿ. ಕೋಳಿ ಸಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ದೊಡ್ಡಮ್ಮ ಅಂದೇ ತೀರ್ಮಾನಿಸಿದ್ದಳು. ಆದರೆ ಗಿಡ್ಡಿಗೆ ಆ ತೀರ್ಮಾನ ಗೊತ್ತಿರಲಿಲ್ಲ. ಅದು ಕಾವು ಕೂತು ಮರಿ ಮಾಡಿತು. ಈಗ ಹಿತ್ತಲಲ್ಲಿ ಮತ್ತೆ ಒಂಬತ್ತು ಕೋಳಿ ಕೆದಕುತ್ತಿದ್ದವು, ಮೊಮ್ಮಗಳಿಗೆ ಬೆಳಿಗ್ಗೆ ಒಂದು ಮೊಟ್ಟೆ ತಪ್ಪುತ್ತಿರಲಿಲ್ಲ.

"ಈ ಸಲವೂ ಸತ್ತರೆ ಗೂಡು ಒಡೆದು ಸೌದೆ ಮಾಡ್ತೀನಿ," ಎಂದಳು ದೊಡ್ಡಮ್ಮ.

"ಈ ಸಲ ಸಾಯೋಕೆ ನಾನು ಬಿಡೋದಿಲ್ಲ ಅತ್ತೆ," ಎಂದಳು ಸೊಸೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದ ಹೆಣ್ಣು. ಹಿಡಿದದ್ದನ್ನು ಮುಗಿಸದೆ ಏಳುವ ಜಾತಿಯಲ್ಲ.

ಆ ವಾರವೇ ಪಶು ಆಸ್ಪತ್ರೆಯ ಲಸಿಕೆಯಕ್ಕ ಅಂಗಿಯ ಅಳತೆ ಕೊಡಲು ಬಂದಳು. ಸೊಸೆ ಅವಳ ಭುಜಕ್ಕೆ ಟೇಪು ಹಿಡಿದುಕೊಂಡೇ ಕೋಳಿಗಳ ವಿಷಯ ತೆಗೆದಳು. ಅದು ಕೊಕ್ಕರೆ ರೋಗ, ಒಮ್ಮೆ ಬಂದ ಮೇಲೆ ಅದಕ್ಕೆ ಔಷಧಿಯಿಲ್ಲ, ಬರುವ ಮೊದಲೇ ಕಣ್ಣಿಗೆ ಒಂದು ಹನಿ ಲಸಿಕೆ ಹಾಕಿಸಬೇಕು ಎಂದು ಲಸಿಕೆಯಕ್ಕ ಹೇಳಿದಳು.

ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದ ದೊಡ್ಡಮ್ಮನಿಗೆ ನಗು ಬಂತು. ಕಣ್ಣಿಗೆ ಹನಿ ಬಿಟ್ಟರೆ ಹೊಟ್ಟೆಯ ರೋಗ ಹೋಗುತ್ತದೆ ಅಂದರೆ ತನ್ನ ಮಂಡಿ ನೋವಿಗೂ ಒಂದು ಹನಿ ಬಿಟ್ಟು ಹೋಗು ಎಂದಳು. ಕೋಳಿ ಸಾಯುವುದು ಬಿಸಿಲಿಗೆ, ತಾನು ಇಷ್ಟು ವರ್ಷ ನೋಡಿಲ್ಲವೇ?

ಲಸಿಕೆಯಕ್ಕ ಬೇಸರಪಡಲಿಲ್ಲ. "ದೊಡ್ಡಮ್ಮ, ಬಿಸಿಲು ಈ ಬೀದಿಗೂ ಆಚೆ ಬೀದಿಗೂ ಒಂದೇ ದಿನ ಬರುತ್ತೆ. ಸಾವು ಒಂದೇ ದಿನ ಬಂತಾ?"

"ಇಲ್ಲಪ್ಪ. ಮೊದಲು ನಮ್ಮಲ್ಲಿ. ಎಂಟು ದಿನ ಬಿಟ್ಟು ಕೆರೆ ಬೀದಿಯಲ್ಲಿ, ನನ್ನ ಮಗಳ ಮನೆಯಲ್ಲಿ."

"ಹಾಗಾದ್ರೆ ಅದು ಬಿಸಿಲಲ್ಲ, ನಡೆದು ಹೋಗಿದೆ. ರೋಗ ತಗುಲಿದ ಕೋಳಿ ಐದಾರು ದಿನ ಚೆನ್ನಾಗೇ ಓಡಾಡಿಕೊಂಡಿರುತ್ತೆ. ಅಷ್ಟರಲ್ಲಿ ಅದನ್ನ ಇನ್ನೊಂದು ಗೂಡಿಗೆ ಬಿಟ್ಟರೆ ಮುಗೀತು. ಇಲ್ಲಿಂದ ಏನಾದ್ರೂ ಆ ಮನೆಗೆ ಹೋಗಿತ್ತಾ?"

"ಏನೂ ಹೋಗಿಲ್ಲ," ಎಂದು ದೊಡ್ಡಮ್ಮ ಮೊರ ಎತ್ತಿಕೊಂಡು ಒಳಗೆ ನಡೆದಳು. ಕಾಳು ಇನ್ನೂ ಅರ್ಧವೂ ಆರಿಸಿರಲಿಲ್ಲ.

ಹೋಗಿತ್ತು. ಚುಕ್ಕೆ ಕೋಳಿ ಹೋಗಿತ್ತು. ಹೋದ ಬೇಸಿಗೆಯಲ್ಲಿ ಮೊದಲ ಕೋಳಿ ಬಿದ್ದ ದಿನ, ಎಲ್ಲಕ್ಕಿಂತ ಚೆನ್ನಾಗಿದ್ದ ಚುಕ್ಕೆ ಕೋಳಿಯನ್ನು ದೊಡ್ಡಮ್ಮ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಮಗಳ ಗೂಡಿಗೆ ಬಿಟ್ಟು ಬಂದಿದ್ದಳು. ಇಲ್ಲಿದ್ದರೆ ಸಾಯುತ್ತದೆ, ಮಗಳ ಮನೆಯಲ್ಲಾದರೂ ಬದುಕಲಿ ಎಂಬ ಆಸೆ. ಎಂಟು ದಿನಕ್ಕೆ ಮಗಳ ಹದಿನಾಲ್ಕು ಕೋಳಿಯೂ ಸತ್ತವು. ತನ್ನ ಪಕ್ಕದ ಮನೆಯಾಕೆ ಕಾಳಿನಲ್ಲಿ ವಿಷ ಹಾಕಿದ್ದಾಳೆ ಎಂದು ಮಗಳು ಬೀದಿಯಲ್ಲಿ ನಿಂತು ಕೂಗಿದಳು. ಅಂದಿನಿಂದ ಆ ಎರಡು ಮನೆಗೂ ಮಾತಿಲ್ಲ. ದೊಡ್ಡಮ್ಮನೂ ಮಗಳ ಪರ ನಿಂತು ಪಕ್ಕದ ಮನೆಯಾಕೆಗೆ ನಾಲ್ಕು ಮಾತು ಅಂದು ಬಂದಿದ್ದಳು.

ಮುಂದಿನ ಕೋಣೆಯಲ್ಲಿ ಲಸಿಕೆಯಕ್ಕ ಇನ್ನೊಂದು ತೊಡಕು ಹೇಳುತ್ತಿದ್ದಳು. ಒಂದು ಸೀಸೆ ಲಸಿಕೆ ನೂರು ಕೋಳಿಗೆ ಸಾಕು. ಆದರೆ ಅದರ ಪುಡಿಯನ್ನು ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ಅದು ಬರೀ ನೀರು. ಒಂಬತ್ತು ಕೋಳಿಗಾಗಿ ಸೀಸೆ ಒಡೆದು ಉಳಿದದ್ದನ್ನು ಚೆಲ್ಲಲು ಆಸ್ಪತ್ರೆಯವರು ಒಪ್ಪುವುದಿಲ್ಲ. ಎಂಬತ್ತಾದರೂ ಸೇರಿಸಿದರೆ ಯಾವ ದಿನ ಕರೆದರೂ ಬೆಳಿಗ್ಗೆಯೇ ಬರುತ್ತೇನೆ ಎಂದಳು.

ಸೊಸೆ ಕತ್ತಿನಲ್ಲಿ ಟೇಪು ನೇತಾಡುತ್ತಿದ್ದ ಹಾಗೆಯೇ ಮನೆಮನೆ ಸುತ್ತಿದಳು. ಒಬ್ಬರು ನೋಡೋಣ ಅಂದರು, ಒಬ್ಬರು ಗಂಡನನ್ನು ಕೇಳಬೇಕು ಅಂದರು, ಕೇಳಿ ಬರುವವರೆಗೂ ಇವಳು ಜಗುಲಿಯಲ್ಲೇ ಕೂತಳು. ಎದುರು ಮನೆಯ ಡ್ರೈವರಣ್ಣ ಲಸಿಕೆ ಹಾಕಿದರೆ ಕೋಳಿ ಮೊಟ್ಟೆ ನಿಲ್ಲಿಸುತ್ತದೆ ಎಂದು ವಾದಕ್ಕಿಳಿದ. ಸತ್ತ ಕೋಳಿ ಎಷ್ಟು ಮೊಟ್ಟೆ ಇಡುತ್ತೆ ಅಣ್ಣ ಎಂದು ಸೊಸೆ ಕೇಳಿದಳು. ಅವನು ಗೊಣಗಿಕೊಂಡು ತನ್ನ ಒಂಬತ್ತರಲ್ಲಿ ಐದಕ್ಕೆ ಹಾಕಿಸಲು ಒಪ್ಪಿದ, ಉಳಿದ ನಾಲ್ಕು ಹಾಗೇ ಇರಲಿ, ಯಾವುದು ಗೆಲ್ಲುತ್ತೋ ನೋಡೋಣ ಅಂದ.

ಎಲ್ಲ ಸೇರಿ ಐವತ್ತೆಂಟಾಯಿತು. ಉಳಿದವು ಸಿಗುವುದಾದರೆ ಕೆರೆ ಬೀದಿಯಲ್ಲೇ. ಆದರೆ ಅಲ್ಲಿಗೆ ಹೋದ ಸೊಸೆ ಬರಿಗೈಲಿ ಬಂದಳು. ವಿಷ ಹಾಕಿದವಳ ಕೋಳಿಯ ಜೊತೆ ತನ್ನ ಕೋಳಿ ಸಾಲು ನಿಲ್ಲುವುದಿಲ್ಲ ಎಂದಿದ್ದಳು, ಹೊಸದಾಗಿ ಒಂಬತ್ತು ಕೋಳಿ ಸಾಕಿಕೊಂಡಿದ್ದ ನಾದಿನಿ. ಇಪ್ಪತ್ತು ಕೋಳಿ ಸಾಕಿದ್ದ ಪಕ್ಕದ ಮನೆಯಾಕೆಯಂತೂ, ನಾಳೆ ಒಂದು ಕೋಳಿ ಸತ್ತರೂ ನನ್ನ ತಲೆಗೇ ಕಟ್ಟುತ್ತಾರೆ ಎಂದು ಬಾಗಿಲು ಹಾಕಿಕೊಂಡಿದ್ದಳು.

"ನಾಳೆ ಮತ್ತೆ ಹೋಗ್ತೀನಿ," ಎಂದು ಸೊಸೆ ಯಂತ್ರದ ಮುಂದೆ ಕೂತಳು.

"ಬೇಡ," ಎಂದಳು ದೊಡ್ಡಮ್ಮ. "ನಾನು ಹೋಗ್ತೀನಿ. ಅಲ್ಲಿ ಬಿದ್ದಿರೋ ಗಂಟು ನಾನು ಹಾಕಿದ್ದು."

ಮಂಡಿ ಹಿಡಿದುಕೊಂಡು ಕೆರೆ ಬೀದಿಗೆ ಹೋದ ದೊಡ್ಡಮ್ಮ ಮಗಳ ಮನೆಯೊಳಗೆ ಕಾಲಿಡಲಿಲ್ಲ. ಎರಡು ಹಿತ್ತಲಿನ ನಡುವಿನ ಗಿಡ್ಡ ಗೋಡೆಯ ಹತ್ತಿರ ನಿಂತು ಇಬ್ಬರನ್ನೂ ಕರೆದಳು. ಇಬ್ಬರೂ ಬಂದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಿನ್ನ ಕೋಳಿ ಕೊಂದದ್ದು ಇವಳಲ್ಲ ಮಗಳೇ," ಎಂದಳು ದೊಡ್ಡಮ್ಮ. "ನಾನು. ನಮ್ಮಲ್ಲಿ ರೋಗ ಶುರುವಾದ ದಿನವೇ ಚುಕ್ಕೆ ಕೋಳಿ ತಂದು ನಿನ್ನ ಗೂಡಿಗೆ ಬಿಟ್ಟೆ. ಅದಕ್ಕೂ ತಗುಲಿದೆ ಅಂತ ನಂಗೆ ಗೊತ್ತಿರಲಿಲ್ಲ. ಆದ್ರೆ ನಮ್ಮಲ್ಲಿ ಕೋಳಿ ಸಾಯ್ತಾ ಇದೆ ಅಂತ ಗೊತ್ತಿತ್ತು, ಅದನ್ನ ನಿನಗೆ ಹೇಳಲಿಲ್ಲ. ತಪ್ಪು ನಂದು."

ಪಕ್ಕದ ಮನೆಯಾಕೆಯ ಕಡೆ ತಿರುಗಿ ಕೈ ಮುಗಿಯಲು ಹೋದಾಗ ಆಕೆ ಗೋಡೆಯ ಮೇಲಿಂದ ಆ ಕೈ ಹಿಡಿದುಕೊಂಡಳು. ಬೀದಿಯಲ್ಲಿ ನಿಂತು ಕೂಗಿದ ಕೂಗೆಲ್ಲ ಮಗಳಿಗೆ ನೆನಪಾಗಿರಬೇಕು. ನಾಚಿಕೆಯಿಂದ ಮುಖ ಕೆಂಪಾಗಿತ್ತು.

ಪಕ್ಕದ ಮನೆಯಾಕೆ ನೇರ ಕೆಲಸದ ಮಾತಿಗೆ ಬಂದಳು. "ಎಷ್ಟು ಗಂಟೆಗೆ ಬರ್ತಾರೆ ಲಸಿಕೆಯವರು? ಕೋಳಿ ಗೂಡಿನಿಂದ ಬಿಡದೆ ಇಟ್ಟಿರ್ತೀನಿ."

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಲಸಿಕೆಯಕ್ಕ ಐಸ್ ಡಬ್ಬಿ ಹಿಡಿದು ಬಂದಳು. ಅವಳು ಸೀಸೆಯ ಲಸಿಕೆ ಕಲಸುತ್ತಲೇ ದೊಡ್ಡಮ್ಮ ಗಡಿಯಾರ ನೋಡಿದಳು. ಒಬ್ಬರು ಕೋಳಿ ಹಿಡಿಯುವುದು, ಲಸಿಕೆಯಕ್ಕ ಕಣ್ಣಿಗೆ ಒಂದು ಹನಿ ಬಿಡುವುದು, ಕೋಳಿ ಕಣ್ಣು ಮಿಟುಕಿಸುವವರೆಗೆ ಕಾಯುವುದು, ಸೊಸೆ ಕಾಲಿಗೆ ಸಡಿಲವಾಗಿ ಹಳದಿ ಬಟ್ಟೆಯ ಚೂರು ಕಟ್ಟುವುದು. ಅಂಗಿ ಹೊಲಿದು ಉಳಿದ ಚೂರುಗಳು ಅಂದು ಕೆಲಸಕ್ಕೆ ಬಂದವು. ಒಂದು ಮನೆಯಲ್ಲಿ ರೆಕ್ಕೆ ಇಳಿಬಿಟ್ಟು ಕೂತಿದ್ದ ಕೋಳಿಗೆ ಮಾತ್ರ ಲಸಿಕೆಯಕ್ಕ ಹನಿ ಹಾಕಲಿಲ್ಲ. ಹುಷಾರಿಲ್ಲದ ಕೋಳಿಗೆ ಲಸಿಕೆ ಬೇಡ, ಅದನ್ನು ಬೇರೆ ಇಡಿ, ಮಾರಬೇಡಿ ಎಂದಳು. ಡ್ರೈವರಣ್ಣನ ಹುಂಜ ಅವನ ಕೈಯನ್ನೇ ಕುಕ್ಕಿತು. ನಿನ್ನ ಹುಂಜಕ್ಕಿರುವ ಬುದ್ಧಿ ನಿನಗಿಲ್ಲ ಎಂದು ದೊಡ್ಡಮ್ಮ ಅಂದಾಗ ಬೀದಿಯೆಲ್ಲ ನಕ್ಕಿತು.

ಈ ಬೀದಿ ಮುಗಿಯುವಾಗ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು. ಕೆರೆ ಬೀದಿಗೆ ಮುಂದೆ ನಡೆದವಳು ದೊಡ್ಡಮ್ಮ. ಮಂಡಿ ನೋವು ಅಂದು ಮಧ್ಯಾಹ್ನಕ್ಕೆ ಮುಂದೂಡಲ್ಪಟ್ಟಿತು. ಅಲ್ಲಿ ಮಗಳು ಪಕ್ಕದ ಮನೆಯಾಕೆಯ ಕೋಳಿಗಳನ್ನು ತಾನೇ ಹಿಡಿದು ಹಿಡಿದು ಕೊಡುತ್ತಿದ್ದಳು. ಹೊತ್ತು ಮೀರುವ ಮೊದಲೇ ಎಂಬತ್ತಾರು ಕೋಳಿಗೆ ಹನಿ ಬಿತ್ತು.

ಬಿಸಿಲು ಬಂತು. ರೋಗವೂ ಬಂತು. ಡ್ರೈವರಣ್ಣನ ಮನೆಯಲ್ಲಿ ಹಳದಿ ಪಟ್ಟಿಯಿಲ್ಲದ ನಾಲ್ಕು ಕೋಳಿ ಐದು ದಿನದಲ್ಲಿ ಸತ್ತವು, ಪಟ್ಟಿ ಕಟ್ಟಿದ ಐದೂ ಅದೇ ಗೂಡಿನಲ್ಲಿ ಉಳಿದವು. ಸತ್ತವನ್ನು ಅವನು ಬೇಲಿಯಾಚೆ ಎಸೆಯಲಿಲ್ಲ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂತ. ಆಮೇಲೆ ತಾನೇ ಬಂದು ಮುಂದಿನ ಸುತ್ತು ಯಾವಾಗ ಎಂದು ಸೊಸೆಯನ್ನು ಕೇಳಿದ. ದೊಡ್ಡಮ್ಮನ ಮನೆಯಲ್ಲಿ ಎರಡು ಕೋಳಿ ಒಂದು ದಿನ ಮಂಕಾಗಿ ಮತ್ತೆ ಚೇತರಿಸಿಕೊಂಡವು. ಉಳಿದವಕ್ಕೆ ಏನೂ ಆಗಲಿಲ್ಲ.

ಅದೇ ದಿನಗಳಲ್ಲಿ ಮಗಳು ಬಂದು ಗಿಡ್ಡಿ ಹೊಸದಾಗಿ ಮಾಡಿದ್ದ ಮರಿಗಳಲ್ಲಿ ಎರಡನ್ನು ಕೇಳಿದಳು. ಕೇಳಿದರೆ ಜೀವವನ್ನೇ ಕೊಡುವ ತಾಯಿ ಅಂದು ತಲೆ ಅಲ್ಲಾಡಿಸಿದಳು.

"ಈಗ ಕೊಡಲ್ಲ ಮಗಳೇ. ರೋಗ ಬೀದಿ ಬಿಟ್ಟು ಹೋಗ್ಲಿ. ಆಮೇಲೆ ಹನಿ ಹಾಕಿಸಿ ಕೊಡ್ತೀನಿ. ತಗೊಂಡು ಹೋಗಿ ನೀನೂ ಎರಡು ವಾರ ಬೇರೆ ಬುಟ್ಟಿಯಲ್ಲಿ ಇಡು. ಪ್ರೀತಿ ಜಾಸ್ತಿಯಾಗಿ ಒಂದು ಸಲ ನಿನ್ನ ಗೂಡು ಖಾಲಿ ಮಾಡಿದ್ದು ಸಾಕು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲಿ ಐದು ಕೋಳಿ ಇರಬಹುದು, ಹತ್ತಿರಬಹುದು. ಸೀಸೆ ನೂರು ಕೋಳಿಯದು. ಹಾಗಾಗಿ ಈ ಕೆಲಸ ಒಂದು ಮನೆಯಿಂದ ಆಗುವುದಲ್ಲ. ಬಿಸಿಲು ಏರುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ದಿನ ಕೇಳಿ, ಮತ್ತೆ ಯಾವಾಗ ಹಾಕಿಸಬೇಕೆಂದೂ ಅವರಿಂದಲೇ ತಿಳಿದುಕೊಂಡು ಬರೆದಿಟ್ಟುಕೊಳ್ಳಿ. ಗೂಡಿನಲ್ಲಿ ರೋಗ ಕಂಡರೆ ಕೋಳಿಯನ್ನು ಮಾರಬೇಡಿ, ಯಾರಿಗೂ ಕೊಡಬೇಡಿ, ಮುಚ್ಚಿಡಲೂ ಬೇಡಿ. ಪಕ್ಕದ ಮನೆಗೆ ಮೊದಲು ಹೇಳಿ. ಮಾತು ಬಿಟ್ಟ ಮನೆಯಾಗಿದ್ದರೂ ಸರಿ, ಇವತ್ತು ಸಂಜೆಯೇ ಹೋಗಿ ಆ ಬಾಗಿಲು ತಟ್ಟಿ.