ಉಚ್ಚೆಯ ರಿಪೋರ್ಟು

ಕನಕಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಟೆಲ್ಲೂರಿಯಂ ಎಂಬ ಲೋಹವನ್ನು ಪುಡಿ ಮಾಡುತ್ತಾರೆ. ಅದರ ದೂಳು ಕುಡಿದವನ ಬಾಯಿ ತಿಂಗಳುಗಟ್ಟಲೆ ಬೆಳ್ಳುಳ್ಳಿ ನಾರುತ್ತದೆ. ಅಲ್ಲಿ ಕಾಂಟ್ರಾಕ್ಟಿನ ಮೇಲೆ ದುಡಿಯುವ ಸಾತನೂರಿನ ಅನಂತರಾಜು ಬೆಳ್ಳುಳ್ಳಿ ಮುಟ್ಟದ ದಿನವೂ ನಾರುತ್ತಿದ್ದ.

ಈ ಸಲ ಕಂಪನಿ ಎಲ್ಲರ ಉಚ್ಚೆ ಪರೀಕ್ಷೆ ಇಟ್ಟಿತು. ಕಾಯಿಲೆ ಪತ್ತೆ ಹಿಡಿಯುವುದಕ್ಕೆ ಎಂದು ನೋಟೀಸಿನಲ್ಲಿತ್ತು, ಹಿಡಿದದ್ದು ಕೆಲಸಗಾರರನ್ನು. ಲೋಹ ಹೆಚ್ಚು ಕಂಡ ಕಾಂಟ್ರಾಕ್ಟಿನವರಿಗೆ ಮಾರನೇ ದಿನ ಗೇಟಿನಲ್ಲೇ ನಮಸ್ಕಾರ. ಬೆಳಗಿನ ಮೊದಲ ಉಚ್ಚೆಯೇ ಬೇಕೆಂದು ಬಾಟಲಿಯನ್ನು ಮನೆಗೆ ಕೊಟ್ಟು ಕಳಿಸಿದ್ದರು.

"ಯಾರ್ದು ಅಂತ ಬಾಟ್ಲಿ ಬಾಯ್ಬುಡಾಕಿಲ್ಲ ಕಣ್ಲಾ," ಎಂದಿದ್ದ ಸೂಪರ್‌ವೈಸರ್ ನರಸಯ್ಯ.

ಅನಂತರಾಜು ಅದನ್ನು ಹೆಂಡತಿ ಲತಾಮಣಿಯ ಮುಂದೆ ಹಿಡಿದ.

"ಥೂ, ನಾಚ್ಕೆ ಆಗಾಕಿಲ್ವಾ ನಿಮ್ಗೆ?" ಎಂದು ನಗುತ್ತಲೇ ಈಸಿಕೊಂಡಳು. "ನಂದಾದ್ರೆ ಪಾಸಾಯ್ತದೆ ಬುಡಿ. ಗುಂಡ್ಕಲ್ಲಿದ್ದಂಗೆ ಇವ್ನಿ."

ಅವಳು ಕಾರ್ಖಾನೆಯ ಗೇಟನ್ನೂ ಕಂಡವಳಲ್ಲ. ಅವಳ ಕೆಲಸ ರೇಷ್ಮೆಹುಳು ಮೇಯಿಸುವುದು. ಹುಳುಮನೆಯಲ್ಲಿ ಮಡಿಯೆಂದರೆ ಮಡಿ: ಬೀಡಿ ಇಲ್ಲ, ಊದುಬತ್ತಿ ಇಲ್ಲ, ಹೊರಗಿನ ದೂಳಂತೂ ಇಲ್ಲವೇ ಇಲ್ಲ. ಅದಕ್ಕೇ ಗಂಡನ ಯೂನಿಫಾರ್ಮನ್ನು ದೂರದ ಹುಣಸೆಮರದಡಿ ಒಯ್ದು, ಬೂದಿಬಣ್ಣದ ದೂಳು ಹಾರುವಂತೆ ಕೊಡವಿ, ಕೈಯಲ್ಲೇ ಉಜ್ಜಿ ಒಗೆಯುತ್ತಿದ್ದಳು. ಮೂರು ವರ್ಷದಲ್ಲಿ ಒಂದು ಹುಳವೂ ಆ ದೂಳಿಗೆ ಸಾಯಲಿಲ್ಲ.

ಹತ್ತು ದಿನಕ್ಕೆ ಕಂಪನಿ ಡಾಕ್ಟರು ಅನಂತರಾಜುವನ್ನು ಕರೆಸಿದರು.

"ಮಿತಿಗಿಂತ ನಾಲ್ಕು ಪಟ್ಟು ಇದೆ. ನಾಳೆಯಿಂದ ಕೆಲಸಕ್ಕೆ ಬರಬೇಡಿ. ಚಿಕಿತ್ಸೆ ಕಂಪನಿಯೇ ಕೊಡಿಸುತ್ತೆ."

ಅವನಿಗೆ ಹುಣಸೆಮರದಡಿ ಹಾರುವ ದೂಳು ನೆನಪಾಯಿತು. ಲತಾಮಣಿಯ ಬಾಯೂ ನಾರುತ್ತಿತ್ತೇನೋ. ದಿನವೂ ನಾರುವವನಿಗೆ ಇನ್ನೊಬ್ಬರ ನಾತ ಎಲ್ಲಿ ತಿಳಿಯಬೇಕು? ಉಪ್ಪು ತಿಂದವನು ಇವನು, ನೀರು ಕುಡಿಯುವವಳು ಅವಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಸಾರ್, ಅದು ನಂದಲ್ಲ. ನನ್ನೆಂಡ್ತೀದು," ಎಂದುಬಿಟ್ಟ. "ನನ್ನ ತೆಗ್ದಾಕಿ, ಬ್ಯಾಡ ಅನ್ನಾಕಿಲ್ಲ. ಅವ್ಳಿಗೆ ಔಸ್ದಿ ಕೊಡ್ಸಿ."

ಡಾಕ್ಟರು ರಿಪೋರ್ಟನ್ನು ಮುಂದಕ್ಕೆಳೆದುಕೊಂಡರು. "ಅವರು ನಮ್ಮ ಕೆಲಸಗಾರರಲ್ಲವಲ್ಲ," ಎಂದರು.

ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಿಪೋರ್ಟಿನ ಮೇಲೆ ಅಡ್ಡಗೀಟು ಎಳೆದು, 'ಮಾದರಿ ಅಸಿಂಧು' ಎಂದು ಬರೆದು ಸಹಿ ಹಾಕಿದರು. ಲತಾಮಣಿಯ ಮೈಯಲ್ಲಿ ವಿಷವಿದೆ ಎನ್ನುವುದಕ್ಕೆ ಲೋಕದಲ್ಲಿ ಇದ್ದದ್ದು ಅದೊಂದೇ ಕಾಗದ. ಅದರಲ್ಲೂ ಹೆಸರು ಗಂಡನದೇ ಇತ್ತು.