ಮೇಣದ ಹಲ್ಲು, ಬಾಡಿಗೆ ಮನೆ

ಇದು ನಡೆದ ಕಥೆ. ಸ್ವಲ್ಪ ತಪ್ಪಿದ್ದರೆ, ಇದರಲ್ಲಿ ಬರುವ ಅಪ್ಪ, ಅಮ್ಮ, ಮಗು ಮೂವರೂ ಗಂಟುಮೂಟೆ ಹೊತ್ತು ಪರದೇಶದ ಬೀದಿಯಲ್ಲಿ ನಡೆಯುತ್ತಲೇ ಇರಬೇಕಾಗಿದ್ದ ಕಥೆ. ಹಲ್ಲಿನ ವಿಷಯವಾದ್ದರಿಂದ ಬಾಯಿಬಿಟ್ಟೇ ಹೇಳಬೇಕು. ನೀವು ಹಲ್ಲು ಕಚ್ಚಿಕೊಂಡು ಕೇಳಿ.

ಹಲ್ಲಮ್ಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ಇಟ್ಟ ಹೆಸರು. ದಂತವೈದ್ಯರ ಕ್ಲಿನಿಕ್ಕುಗಳಿಂದ ಬಾಯಿಯ ಅಚ್ಚು ಬರುತ್ತದೆ. ಅದರಲ್ಲಿ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಅದಕ್ಕೆ ಸರಿಹೊಂದುವಂತೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಆ ಬಾಯಿ ಯಾರದು, ಅವರು ನಗುತ್ತಾರೋ ಬೈಯುತ್ತಾರೋ, ಅವಳು ಒಮ್ಮೆಯೂ ನೋಡಿದವಳಲ್ಲ. "ಅಚ್ಚು ಸರಿಯಾಗಿದ್ರೆ ಬಾಯಿ ಯಾಕೆ ನೋಡ್ಬೇಕು?" ಎನ್ನುತ್ತಿದ್ದಳು. ಈ ಮಾತೇ ಮುಂದೆ ಅವಳನ್ನು ಹಳ್ಳದ ಅಂಚಿಗೆ ತಂದು ನಿಲ್ಲಿಸಿತು.

ಅವಳಿಗೆ ಹೊರದೇಶದ ದೊಡ್ಡ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಗಂಡ ಲಿಫ್ಟ್ ರಿಪೇರಿ ಮಾಡುವವನು. "ಲಿಫ್ಟು ಎಲ್ಲ ದೇಶದಲ್ಲೂ ಕೆಡುತ್ತೆ, ನನಗೇನು ಚಿಂತೆ" ಎಂದು ಅವನೂ ಹೊರಟ. ಮಗಳು ಪುಟ್ಟಿ ಇನ್ನೂ ಚಿಕ್ಕವಳು, ತೇವದ ಗಾಳಿ ತಗುಲಿದರೆ ಎದೆ ಗೊರಗೊರ ಎನ್ನುವ ಮಗು. ಸಂಭ್ರಮವೇನೋ ಆಯಿತು. ಆದರೆ ಹೋಗಬೇಕಾದ ಊರಿನ ಬಾಡಿಗೆ ವಿಚಾರಿಸಿದ ದಿನದಿಂದ ಮನೆಯಲ್ಲಿ ಯಾರಿಗೂ ಅನ್ನ ಸರಿಯಾಗಿ ಇಳಿಯಲಿಲ್ಲ. ಅಲ್ಲಿ ಬಾಡಿಗೆಯೇ ಸಂಬಳದ ಬಹುಪಾಲನ್ನು ನುಂಗುತ್ತಿತ್ತು. ಬೆಳಿಗ್ಗೆ ಫೋನಿನಲ್ಲಿ ಕಂಡ ಮನೆ ಊಟದ ಹೊತ್ತಿಗೆ ಇರುತ್ತಿರಲಿಲ್ಲ. ಇದ್ದ ಮನೆಯವರು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಟ್ಟವರು, "ಇಲ್ಲಿ ನಿಮಗೆ ಜಾಮೀನು ನಿಲ್ಲೋರು ಯಾರು?" ಎಂದು ಕೇಳುತ್ತಿದ್ದರು.

"ಇಳಿದ ದಿನ ಪುಟ್ಟೀನ ಎಲ್ಲಿ ಮಲಗಿಸೋದು?" ಹಲ್ಲಮ್ಮನಿಗೆ ಇದೊಂದೇ ಪ್ರಶ್ನೆ. ಪ್ಲಾಸ್ಟರ್ ಕಲಸುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. ಒಮ್ಮೆ ಕನಸು ಬಿತ್ತು. ಉದ್ದನೆಯ ಬೀದಿ, ಎರಡೂ ಕಡೆ ಮನೆಗಳು, ಒಂದಕ್ಕೂ ಬಾಗಿಲಿಲ್ಲ. ಹಲ್ಲು ಉದುರಿದ ಬಾಯಿಯ ಹಾಗೆ ಇಡೀ ಬೀದಿ ಅವಳನ್ನು ನೋಡಿ ನಗುತ್ತಿತ್ತು.

ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಕ್ಯಾಪ್ಟನ್ ಮನೆ. ಬಿಳಿ ಗೋಡೆ, ದೊಡ್ಡ ಕಿಟಕಿ, ಲ್ಯಾಬಿಗೆ ಕೂಗಳತೆ ದೂರ. ಬಾಡಿಗೆ ಮಾತ್ರ ಉಳಿದ ಮನೆಗಳಿಗಿಂತ ಎಷ್ಟೋ ಕಡಿಮೆ. ಮಾಲೀಕ ನಮ್ಮ ಭಾಷೆಯಲ್ಲೇ ಮೆಸೇಜು ಬರೆದಿದ್ದ: "ನಾನೂ ನಿಮ್ಮ ಕಡೆಯವನೇ, ತಂಗಿ. ಹಡಗಿನಲ್ಲಿ ಕ್ಯಾಪ್ಟನ್ ಕೆಲಸ, ವರ್ಷವಿಡೀ ಸಮುದ್ರದ ಮೇಲೆ. ಮನೆ ಸುಮ್ಮನೆ ಬಿದ್ದಿದೆ. ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತೆ. ಬೇರೆಯವರೂ ಕೇಳ್ತಿದ್ದಾರೆ. ಮಗು ಇದೆ ಅಂದಿರಲ್ಲ, ಅದಕ್ಕೇ ನಾಳೆ ಮಧ್ಯಾಹ್ನದವರೆಗೆ ತಡೀತೀನಿ."

"ತಂಗಿ ಅಂದ್ರು ಕಣ್ರೀ!" ಹಲ್ಲಮ್ಮನ ಕಣ್ಣಲ್ಲಿ ನೀರು.

ಗಂಡ ತಲೆ ಕೆರೆದುಕೊಂಡ. "ಬಾಡಿಗೆ ಯಾಕೆ ಇಷ್ಟು ಕಮ್ಮಿ?"

"ತಂಗಿಗೆ ಅಂತ ಕಮ್ಮಿ ಮಾಡಿರ್ತಾರೆ."

ಕ್ಯಾಪ್ಟನ್ ಕೇಳಿದ ಅಡ್ವಾನ್ಸು ಎಂದರೆ, ಪ್ರಯಾಣದ ಖರ್ಚು ಬಿಟ್ಟು, ಗಂಡ ಹೆಂಡತಿ ಇಬ್ಬರೂ ಕೂಡಿಟ್ಟದ್ದೆಲ್ಲ. ಅದು ಹೋದರೆ ಅಲ್ಲಿ ಇಳಿದ ಮೇಲೆ ಇನ್ನೊಂದು ಮನೆ ಹಿಡಿಯಲು ಕಾಸಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇಬ್ಬರೂ ಅದರ ಮಾತೆತ್ತಲಿಲ್ಲ.

ಸಂಜೆ ಮೇಲಿನ ಮನೆಯಿಂದ ಗಿಳಿಯಕ್ಕ ಬಟ್ಟಲು ಹಿಡಿದು ಸಕ್ಕರೆಗೆ ಬಂದಳು. ಅವಳು ಹಲ್ಲಮ್ಮನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಜಾಹೀರಾತುಗಳಿಗೆ ದನಿ ಕೊಡುವುದು ಅವಳ ಕೆಲಸ. ಸೋಪಿಗೆ ಸೊಸೆಯಾಗಿ ಮಾತಾಡಿ, ಅರ್ಧ ಗಂಟೆ ಬಿಟ್ಟು ಮಂಡಿನೋವಿನ ಎಣ್ಣೆಗೆ ಅತ್ತೆಯಾಗಿ ನರಳುವವಳು. ಅಂಥದೇ ದುಬಾರಿ ಊರಿನಲ್ಲಿ ಕೆಲವು ವರ್ಷ ಸಂಸಾರ ಮಾಡಿ ಬಂದವಳು.

"ಎಲ್ಲ ಸರಿ. ಮನೆ ನೋಡಿದೋರು ಯಾರು?" ಎಂದಳು ಗಿಳಿಯಕ್ಕ.

"ಫೋಟೋ ಇದೆಯಲ್ಲಕ್ಕಾ."

"ಫೋಟೋದಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರುತ್ತೇನೇ? ನಾವು ಮೊದಲು ಹೋದಾಗ ಹೀಗೇ, ಫೋಟೋ ನೋಡಿ ಮರುಳಾದ್ವಿ. ಊರ ನಡುವೆ ಇರ್ಬೇಕು ಅಂತ ನನ್ನ ಹಟ ಬೇರೆ. ಹೋಗಿ ನೋಡಿದ್ರೆ ಬೀರು ಹಿಂದೆ ಗೋಡೆ ತುಂಬ ಬೂಸ್ಟು. ಚಳಿಗಾಲ ಪೂರ್ತಿ ನಾನೂ ನಿಮ್ಮ ಭಾವನೂ ಸರದಿ ಪ್ರಕಾರ ಕೆಮ್ಮಿದ್ವಿ. ಅಲ್ಲಾದ್ರೂ ಗೋಡೆ ಅಂತ ಒಂದಿತ್ತು. ನಿನ್ನ ಕ್ಯಾಪ್ಟನ್‌ಗೆ ಮನೆನೇ ಇದೆಯೋ ಇಲ್ವೋ!"

"ನಮ್ಮೋರೇ ಅಕ್ಕಾ ಅವರು."

"ನಮ್ಮ ಭಾಷೆ ಆಡಿದ ಮಾತ್ರಕ್ಕೆ ನಮ್ಮೋರಾಗ್ತಾರಾ? ನರಿ ಬಂದು ಕೋಳಿ ಥರ ಕೂಗಿದ್ರೆ ಕೋಳಿಗೂಡಿನ ಬಾಗಿಲು ತೆಗೀತೀಯಾ?"

ಹಲ್ಲಮ್ಮನಿಗೆ ರೇಗಿತು. ಹೆದರಿದವರಿಗೆ ಕೋಪ ಬೇಗ. "ನಿಮಗೇನಕ್ಕಾ, ಹೋಗಿ ಬಂದು ಆರಾಮಾಗಿ ಕೂತಿದೀರಾ. ನಾಳೆ ಈ ಮನೆ ಕೈತಪ್ಪಿದ್ರೆ ನನ್ನ ಮಗೂನ ನಿಮ್ಮ ಬಟ್ಟಲಲ್ಲಿ ಮಲಗಿಸ್ಲಾ?"

ಗಿಳಿಯಕ್ಕ ಎದ್ದು ಹೋದಳು. ಬಟ್ಟಲು ಖಾಲಿಯೇ ಹೋಯಿತು.

ಮರುದಿನ ಬೆಳಿಗ್ಗೆ ಕ್ಯಾಪ್ಟನ್ ಮೆಸೇಜು ಬಂತು: "ಬೇರೆಯವರು ಅಡ್ವಾನ್ಸ್ ಹಿಡಿದು ನಿಂತಿದ್ದಾರೆ, ತಂಗಿ." ಹಲ್ಲಮ್ಮ ಕೆಲಸದ ಮೇಜಿನ ಮುಂದೆ ಕೂತಿದ್ದಳು. ಕೈಯಲ್ಲಿ ಫೋನು. ಗಂಡ ಬಗ್ಗಿ ಖಾತೆ ನಂಬರನ್ನು ಮತ್ತೆ ಮತ್ತೆ ಓದುತ್ತಿದ್ದ. ಹಗ್ಗ ನೋಡದೆ ಯಾರನ್ನೂ ಲಿಫ್ಟಿಗೆ ಹತ್ತಿಸದ ಮನುಷ್ಯ, ಅಂದು ಬೆವರು ಒರೆಸಿಕೊಳ್ಳುತ್ತ "ಕಳಿಸಿಬಿಡು, ಹೋದ್ರೆ ಹೋಗ್ಲಿ" ಎಂದ. ಏನು ಹೋದರೆ ಹೋಗಲಿ ಎಂದು ಹೇಳಲಿಲ್ಲ. ಒಳಗೆ ಪುಟ್ಟಿ ಕೆಮ್ಮಿದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಯಾರಮ್ಮಾ ಅದು? ಹೊರದೇಶದಲ್ಲಿ ಮನೆ ಬೇಕು ಅಂದೋರು ನೀವೇನಾ?" ಮುದುಕನ ದನಿ. ಗಂಟಲಲ್ಲಿ ಕಫ, ಮಾತಿನಲ್ಲಿ ಗತ್ತು. "ಯಾರೋ ನಿಮ್ಮ ನಂಬರ್ ಕೊಟ್ರು. ಅಲ್ಲಿ ನಂದೊಂದು ಮನೆ ಇದೆ. ನನ್ನ ಷರತ್ತು ಮಾತ್ರ ಸ್ವಲ್ಪ ಬಿಗಿ."

"ಹೇಳಿ ಸರ್!" ಹಲ್ಲಮ್ಮ ಎದ್ದೇ ನಿಂತಳು.

"ಸ್ನಾನ ವಾರಕ್ಕೊಂದೇ ಸಲ."

"ಚಳಿ ಊರಲ್ವಾ ಸರ್, ಸಾಕು."

"ಈರುಳ್ಳಿ ಹುರಿಯೋ ಹಾಗಿಲ್ಲ."

"ಬೇಯಿಸ್ಕೊಂಡು ತಿಂತೀವಿ ಸರ್."

"ಸೀನು ಬಂದ್ರೆ ಬೀದಿಗೆ ಹೋಗಿ ಸೀನಬೇಕು."

ಹಲ್ಲಮ್ಮ ಒಳಕೋಣೆಯ ಕಡೆ ನೋಡಿದಳು. "ಅಭ್ಯಾಸ ಮಾಡಿಸ್ತೀವಿ ಸರ್."

"ಇನ್ನೊಂದು. ಮನೆಗೆ ನಾಲ್ಕು ಗೋಡೆ ಇಲ್ಲ. ಮೂರೇ."

ಗಂಡ ಕಣ್ಣರಳಿಸಿದ. ಹಲ್ಲಮ್ಮ ಅವನಿಗೆ ಸುಮ್ಮನಿರಲು ಕೈಸನ್ನೆ ಮಾಡಿದಳು. "ಪರವಾಗಿಲ್ಲ ಸರ್... ಗಾಳಿ ಬೆಳಕು ಚೆನ್ನಾಗಿರುತ್ತೆ."

ಆ ಕಡೆ ಕೆಮ್ಮು ಬಂತು. ಬಂದ ಕೆಮ್ಮು ಬೇಗ ಹೋಗಲಿಲ್ಲ. "ಕೊನೇ ಷರತ್ತು. ನಿನ್ನೆ ಮೇಲಿನ ಮನೆಯವಳಿಗೆ ಕೊಡದೇ ಕಳಿಸಿದ ಸಕ್ಕರೇನ ಈಗ್ಲೇ ತಂದ್ಕೊಡಬೇಕು."

ಮಾತು ಫೋನಿನಲ್ಲೂ ಕೇಳಿತು, ಮೆಟ್ಟಿಲ ಮೇಲಿಂದಲೂ ಕೇಳಿತು. ಗಂಡ ಪಕಪಕ ನಕ್ಕ. ಹಲ್ಲಮ್ಮ ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡಳು. ಸ್ನೇಹಿತೆಯೊಬ್ಬಳ ಫೋನು ಕೈಯಲ್ಲಿ ಹಿಡಿದು ಓಡಿ ಬಂದ ಗಿಳಿಯಕ್ಕನ ನಗುವೂ ಬಾಗಿಲಲ್ಲೇ ನಿಂತಿತು.

"ತಪ್ಪಾಯ್ತು ಕಣೇ, ಜಾಸ್ತಿ ಆಯ್ತು."

"ಮೂರು ಗೋಡೆ ಮನೆಗೂ ಹ್ಞೂಂ ಅಂದ್ನಲ್ಲಕ್ಕಾ," ಹಲ್ಲಮ್ಮನ ದನಿ ಒಡೆದಿತ್ತು. "ಮೂರನೇದೂ ಇಲ್ಲ ಅಂದಿದ್ರೆ ಅದಕ್ಕೂ ಅಂತಿದ್ದೆ. ನನಗೆ ಅಷ್ಟು ಭಯ."

"ಮೋಸಗಾರರಿಗೆ ಆ ಭಯನೇ ಬಂಡವಾಳ. ಅದಕ್ಕೇ ನಿನ್ನ ಕ್ಯಾಪ್ಟನ್ ಗಡಿಯಾರ ತೋರಿಸ್ತಾ ಇರೋದು." ಗಿಳಿಯಕ್ಕ ಮೇಜಿನ ಮೇಲಿದ್ದ ಹಲ್ಲಿನ ಸೆಟ್ಟನ್ನು ಎತ್ತಿಕೊಂಡಳು. "ಇದೇನಿದು, ವಸಡು ಮೆತ್ತಗಿದೆ?"

"ಒತ್ತಬೇಡಿ ಅಕ್ಕಾ! ಮೇಣದ್ದು. ಮೊದಲು ಮೇಣದಲ್ಲಿ ಕೂರಿಸಿ ಕಳಿಸ್ತೀವಿ. ಡಾಕ್ಟ್ರು ಹಲ್ಲು ಬೇಕಾದೋರ ಬಾಯಿಗೆ ಇಟ್ಟು ನೋಡ್ತಾರೆ. ಕಚ್ಚಿಸ್ತಾರೆ, ಮಾತಾಡಿಸ್ತಾರೆ. ಸರಿ ಇದ್ರೆ ಮಾತ್ರ ಆಮೇಲೆ ನಾವು ಗಟ್ಟಿ..."

ಹಲ್ಲಮ್ಮನ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಬಾಯಿ ನೋಡದೆ ಹಲ್ಲು ಮಾಡುತ್ತೇನೆ ಎಂದು ಇಷ್ಟು ವರ್ಷ ಮೆರೆದವಳಿಗೆ, ಯಾರೋ ಒಬ್ಬರು ಆ ಬಾಯಿಯನ್ನು ನೋಡಿಯೇ ನೋಡುತ್ತಾರೆ ಎಂಬುದು ಮರೆತೇಹೋಗಿತ್ತು. ಅವಳು ಫೋನು ಎತ್ತಿಕೊಂಡು ಕ್ಯಾಪ್ಟನ್‌ಗೆ ಬರೆದಳು: "ಅಣ್ಣಾ, ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ನಲ್ಲಿ ತಿರುಗಿಸಿ ತೋರಿಸಿ."

"ಸಮುದ್ರದಲ್ಲಿದ್ದೀನಿ ತಂಗಿ."

"ಹಾಗಾದ್ರೆ ವಿಳಾಸ ಕೊಡಿ. ನಮ್ಮ ಹೊಸ ಲ್ಯಾಬಿನವರು ಯಾರಾದ್ರೂ ಬಂದು ನೋಡ್ತಾರೆ. ಆಮೇಲೆ ದುಡ್ಡು."

ಉತ್ತರ ಬರಲಿಲ್ಲ. ಆ ಕಡೆ ಏನೋ ಬರೆಯುತ್ತಿರುವ ಗುರುತು ಕಂಡಿತು, ಮಾಯವಾಯಿತು, ಮತ್ತೆ ಕಂಡಿತು. ಮೂವರೂ ಫೋನಿನ ಮೇಲೆ ಬಗ್ಗಿ ನೋಡಿದರು. ಕೊನೆಗೆ ಒಂದೇ ಸಾಲು ಬಂತು: "ನಿನ್ನ ಮಗಳು ಬೀದಿಯಲ್ಲೇ ಮಲಗಲಿ."

ಆಮೇಲೆ ಅವನ ಫೋಟೋ ಹೋಯಿತು, ಮನೆಯ ಫೋಟೋ ಹೋಯಿತು. ಬಿಳಿ ಗೋಡೆ, ದೊಡ್ಡ ಕಿಟಕಿ ಎಲ್ಲ ಯಾವತ್ತೂ ಇರಲೇ ಇಲ್ಲವೆಂಬಂತೆ ಹೋದವು. ಹಲ್ಲಮ್ಮ ಒಳಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಬಂದಳು. ಮಗುವಿನ ಬಗ್ಗೆ ಅವನಿಗೆ ಹೇಳಿದವಳು ತಾನೇ. ಸಂಜೆಯವರೆಗೂ ಅವಳನ್ನು ಕೆಳಗಿಳಿಸಲಿಲ್ಲ. ಸ್ವಲ್ಪ ದಿನದಲ್ಲೇ ಗಂಡನಿಗೆ ಅದೇ ಕಿಟಕಿ ಬೇರೊಂದು ಊರಿನ ಜಾಹೀರಾತಿನಲ್ಲಿ ಕಂಡಿತು. ಈ ಸಲ ಮಾಲೀಕ ಹಡಗಿನವನಲ್ಲ, ಯುದ್ಧಭೂಮಿಯಲ್ಲಿರುವ ಡಾಕ್ಟರು.

"ಹಾಗಾದ್ರೆ ಹೋಗೋದೇ ಬೇಡ್ವಾ?" ಎಂದ ಗಂಡ.

"ಹೋಗೋಣ. ಆದ್ರೆ ಮೊದಲು ಮೇಣದ ಹಲ್ಲು," ಎಂದಳು ಹಲ್ಲಮ್ಮ.

ಮೊದಲು ಅವಳೊಬ್ಬಳೇ ಹೋದಳು. ಮೊದಲ ತಿಂಗಳಿಗೆ ಲ್ಯಾಬಿನವರೇ ತೋರಿಸಿದ ಸಣ್ಣ ಕೋಣೆ ಹಿಡಿದಳು. ಮಂಚ ಬಿಟ್ಟರೆ ಕಾಲಿಡಲು ಜಾಗವಿಲ್ಲ, ಅಡುಗೆಮನೆ ನಾಲ್ಕಾರು ಜನರಿಗೆ ಸೇರಿದ್ದು. ರಜೆ ಬಂದಾಗೆಲ್ಲ ಮನೆ ನೋಡುತ್ತ ಸುತ್ತಿದಳು. ಒಂದು ಲ್ಯಾಬಿನ ಪಕ್ಕದಲ್ಲೇ ಇತ್ತು. ಆದರೆ ಹೊಸ ಬಣ್ಣದ ವಾಸನೆ ಹೊಡೆಯುತ್ತಿದ್ದ ಗೋಡೆಗೆ ಅಂಗೈ ಇಟ್ಟರೆ ತಣ್ಣಗೆ ಒದ್ದೆ. ಪುಟ್ಟಿಯ ಎದೆ ನೆನಪಾಗಿ ವಾಪಸು ಬಂದಳು. ಇನ್ನೊಂದು ಊರಾಚೆ, ಬಾಡಿಗೆ ಅಗ್ಗ. ಆದರೆ ಅವಳ ಪಾಳಿ ಮುಗಿಯುವ ಮೊದಲೇ ಆ ಕಡೆಯ ಕೊನೆಯ ರೈಲು ಹೊರಟುಹೋಗುತ್ತಿತ್ತು. ಟ್ಯಾಕ್ಸಿಯ ಖರ್ಚು ಸೇರಿಸಿದರೆ ಅಗ್ಗದ ಮನೆಯೇ ದುಬಾರಿ. ಮೂರನೆಯದು ಎರಡರ ನಡುವೆ, ಒಂದೇ ಬಸ್ಸಿನ ದಾರಿ. ಅಲ್ಲಿ ಅವಳು ನಲ್ಲಿ ತಿರುಗಿಸಿದಳು, ಬೀರು ಸರಿಸಿ ನೋಡಿದಳು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಬಾಡಿಗೆಯಲ್ಲೇ ಸೇರಿದೆಯೋ, ಬೇರೆಯೋ ಎಂದು ಕೇಳಿದಳು. ತಾನು ಕೆಲಸ ಮುಗಿಸಿ ಬರುವ ಹೊತ್ತಿನಲ್ಲೇ ಆ ಬೀದಿಯಲ್ಲಿ ನಡೆದು ನೋಡಿದಳು. ದೀಪಗಳಿದ್ದವು, ಅಂಗಡಿ ತೆರೆದಿತ್ತು, ಹೆಂಗಸರು ಓಡಾಡುತ್ತಿದ್ದರು. ಆಮೇಲಷ್ಟೇ ಕರಾರು ಪೂರ್ತಿ ಓದಿ, ಮಾಲಕಿಯ ಹೆಸರು ಮನೆಯ ದಾಖಲೆಯಲ್ಲಿದೆಯೆಂದು ನೋಡಿ, ಬ್ಯಾಂಕಿನ ಮೂಲಕ ಅಡ್ವಾನ್ಸು ಕಟ್ಟಿ ರಸೀದಿ ಪಡೆದಳು. ಗಂಡನೂ ಪುಟ್ಟಿಯೂ ಬಂದಿಳಿದ ದಿನ ಮಗು ಮಲಗಿದ್ದು ಒಣ ಗೋಡೆಯ ಪಕ್ಕ. ಹಲ್ಲಮ್ಮ ಬಹಳ ಹೊತ್ತು ಆ ಉಸಿರನ್ನೇ ಕೇಳುತ್ತ ಕೂತಿದ್ದಳು. ಗೊರಗೊರ ಇರಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ನಿಮ್ಮಲ್ಲಿ ಯಾರಾದರೂ ಹೀಗೆ ಗಂಟುಮೂಟೆ ಕಟ್ಟಬಹುದು. ಹೆದರಿಕೆ ಆಗಿಯೇ ಆಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಹೆದರಿಕೆಯ ಕೈಗೆ ಮಾತ್ರ ನಿಮ್ಮ ದುಡ್ಡು ಕೊಡಬೇಡಿ. ನೀವಾಗಲಿ, ನಿಮ್ಮ ಪರವಾಗಿ ಇನ್ನೊಬ್ಬರಾಗಲಿ ಕಣ್ಣಾರೆ ನೋಡದ ಮನೆಗೆ ಬಿಡಿಗಾಸೂ ಕಳಿಸಬೇಡಿ. ಮೊದಲು ತಾತ್ಕಾಲಿಕವಾಗಿ ಒಂದು ಕೋಣೆ ಹಿಡಿಯಿರಿ, ಊರು ನೋಡಿ, ಕೆಲಸಕ್ಕೆ ಹೋಗಿಬರುವ ದಾರಿಯ ಖರ್ಚನ್ನು ಬಾಡಿಗೆಯ ಜೊತೆಗೇ ಲೆಕ್ಕ ಹಾಕಿ. "ಈಗಲೇ ಕೊಡಿ" ಎಂದು ಯಾರಾದರೂ ಅವಸರಪಡಿಸಿದರೆ ಫೋನು ಕೆಳಗಿಟ್ಟು, ಮೇಲಿನ ಮನೆಯವರ ಹತ್ತಿರ ಮಾತಾಡಿ. ಸಕ್ಕರೆ ಕೇಳಿದರೆ ಕೊಟ್ಟುಬಿಡಿ.

ಹೊಸ ಮನೆಗೆ ಬಂದ ಮೊದಲ ಭಾನುವಾರ ಹಲ್ಲಮ್ಮನ ಫೋನು ಬಡಿದುಕೊಂಡಿತು.

"ಏನಮ್ಮಾ," ಅದೇ ಮುದುಕನ ದನಿ, ಅದೇ ಕಫ, "ಮನೆಗೆ ಎಷ್ಟು ಗೋಡೆ?"

ಹಲ್ಲಮ್ಮ ಎದ್ದು ಒಂದೊಂದೇ ಗೋಡೆಯನ್ನು ಅಂಗೈಯಿಂದ ಪಟಪಟ ತಟ್ಟುತ್ತ ನಡೆದಳು. "ಒಂದು ಸರ್. ಎರಡು ಸರ್. ಮೂರು ಸರ್..." ನಾಲ್ಕನೆಯದನ್ನು ತಟ್ಟಿದಾಗ ಆ ಕಡೆಯಿಂದ ಪಕ್ಕದ ಮನೆಯವರು ಸಿಟ್ಟಿನಿಂದ ವಾಪಸು ತಟ್ಟಿದರು.

"ಕೇಳಿಸ್ತಾ ಸರ್? ನಾಲ್ಕನೇದು ಮಾತೂ ಆಡುತ್ತೆ!"

ಫೋನಿನಲ್ಲಿ ಗಿಳಿಯಕ್ಕ ನಕ್ಕಳು, ಗಂಡ ನಕ್ಕ, ಏನೆಂದು ತಿಳಿಯದೆ ಪುಟ್ಟಿಯೂ ನಕ್ಕಳು. ಹಲ್ಲಮ್ಮ ಮಾತ್ರ ಅಷ್ಟೂ ಹಲ್ಲು ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ, ಗೋಡೆಗೆ ಒರಗಿ ಎಲ್ಲರಿಗಿಂತ ಜೋರಾಗಿ ನಕ್ಕಳು.