ಅರ್ಧ ಲೋಟ ನೀರಿನ ತೂಕ

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇರುವುದು ಒಂದೇ ಮೇಜು. ಆ ವಾರ ಅದರ ನಡುವೆ ಅತ್ತಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಕಿಟಕಿಯ ಕಡೆ ಅವರದ್ದು, ಗೋಡೆಯ ಕಡೆ ನನ್ನದು. ಅವರ ಕಡೆ ಹೊಸ ದೋಣಿ, ಅಚ್ಚಿನಿಂದ ಬಿಡಿಸಿ ತಿಂಗಳೂ ಆಗದ್ದು, ಮೈಮೇಲೆ ಒಂದು ಗೀರಿಲ್ಲ. ನನ್ನ ಕಡೆ ಅಣ್ಣನ ಹಳೆಯ ಹಳದಿ ದೋಣಿ, ಗೀರಿಲ್ಲದ ಜಾಗ ಹುಡುಕಬೇಕು. ಎರಡೂ ಒಂದೂವರೆ ಮೊಳ ಉದ್ದದವು. ಬ್ಯಾಟರಿ ಹಾಕಿ ನೀರಿಗೆ ಬಿಟ್ಟು, ದಡದಲ್ಲಿ ನಿಂತು ರಿಮೋಟಿನಿಂದ ಓಡಿಸುವುದು. ಆಟದ ಸಾಮಾನು ಅಂದುಕೊಳ್ಳಬೇಡಿ, ನೇರ ದಾರಿ ಸಿಕ್ಕರೆ ಮೋಟರ್ ಬೈಕಿನಷ್ಟು ಜೋರು.

"ನನ್ನ ಗ್ರೀಸಿನ ಡಬ್ಬಿ ಮುಟ್ಟಿದ್ಯಾ?" ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದರು.

"ನಿಮ್ಮ ಗ್ರೀಸು ನಂಗ್ಯಾಕೆ ಅತ್ತಿಗೆ?"

"ಡಬ್ಬಿ ಗೆರೆ ದಾಟಿದೆ, ಅದಕ್ಕೆ ಕೇಳ್ದೆ."

"ಅದಕ್ಕೆ ಕಾಲು ಬಂದಿರಬೇಕು."

"ಬರುತ್ತಮ್ಮ, ಬರುತ್ತೆ. ಈ ಮನೇಲಿ ಡಬ್ಬಿಗೂ ಕಾಲು ಬರುತ್ತೆ. ಕೆಲವರಿಗೆ ಮಾತ್ರ ಹೊರಡೋಕೆ ಕಾಲು ಬರಲ್ಲ."

ಇದು ನನಗೆ. ನಾನು ಅಣ್ಣನ ಮನೆಯಲ್ಲಿ ಇರಲು ಶುರುಮಾಡಿ ಹನ್ನೊಂದು ವರ್ಷ. ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ನನಗೆ ಕೆಲಸ, ಅತ್ತಿಗೆ ಶಾಲೆಯ ಬಸ್ಸು ಓಡಿಸುತ್ತಾರೆ. ಅವರು ನನ್ನನ್ನು ಕರೆಯುವುದು ಹಲ್ಲಿನ ಡಾಕ್ಟರಮ್ಮ ಅಂತ, ಅದೂ ನಾಲ್ಕು ಜನರ ಮುಂದೆ.

ಪಕ್ಕದ ಕೋಣೆಯಲ್ಲಿ ಅಣ್ಣ ಪೇಪರ್ ಓದುವವನ ಹಾಗೆ ಕೂತಿದ್ದ. ಪುಟ ಮಗುಚುತ್ತಿರಲಿಲ್ಲ. ಎರಡು ವರ್ಷದಿಂದ ಅವನ ಕೈ ನಡುಗುತ್ತದೆ. ಲಿಫ್ಟ್ ರಿಪೇರಿಗೆ ಹೋಗುತ್ತಿದ್ದವನನ್ನು ಕಂಪನಿಯವರು ಫೋನು ಎತ್ತುವ ಕುರ್ಚಿಗೆ ಹಾಕಿದ್ದಾರೆ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ರಿಮೋಟ್ ಹಾಗೆ ಹಿಡಿಯಲು ಬರುವುದಿಲ್ಲ. ಹೋದ ತಿಂಗಳು ಅವನ ದೋಣಿ ನೆಟ್ಟಗೆ ಹೋಗಿ ದಡದ ಕಲ್ಲಿಗೆ ಗುದ್ದಿದ ದಿನ, ಇನ್ನು ಸಾಕು ಅಂದುಬಿಟ್ಟ.

ಕೆರೆಯ ದೋಣಿ ಕ್ಲಬ್ಬಿನಲ್ಲಿ ಇರುವುದೇ ಹನ್ನೆರಡು ಜಾಗ. ಹೊರಗೆ ಕಾಯುವವರ ಸಾಲು ಹತ್ತು ವರ್ಷದಷ್ಟು ಉದ್ದ. ಬಿಡುವವರು ತಮ್ಮ ಜಾಗವನ್ನು ಮನೆಯವರೊಬ್ಬರಿಗೆ ಬರೆದುಕೊಡಬಹುದು, ಒಬ್ಬರಿಗೆ ಮಾತ್ರ. ನಮ್ಮ ಮನೆಯಲ್ಲಿ ಕೈ ಎತ್ತಿದವರು ಇಬ್ಬರು. ಒಂಬತ್ತು ವರ್ಷ ಅಣ್ಣನ ದೋಣಿಯ ಒಂದೊಂದು ಪ್ರೊಪೆಲ್ಲರನ್ನೂ ತೂಗಿ ಕೊಟ್ಟವಳು ನಾನು, ಪಂದ್ಯದಲ್ಲಿ ರಿಮೋಟ್ ಮುಟ್ಟಿದವಳಲ್ಲ. ಒಂಬತ್ತು ವರ್ಷ ಕ್ಲಬ್ಬಿನ ಹುಟ್ಟು ದೋಣಿಯಲ್ಲಿ ಕೂತು ಕೆರೆಯ ನಡುವೆ ಹೋಗಿ, ಮಗುಚಿದ್ದನ್ನೆಲ್ಲ ಎತ್ತಿ ತಂದವರು ಅತ್ತಿಗೆ. ಅವರೂ ರಿಮೋಟ್ ಮುಟ್ಟಿದವರಲ್ಲ.

"ಭಾನುವಾರ ಇಬ್ರೂ ಓಡಿಸಿ," ಅಂದಿದ್ದ ಅಣ್ಣ. "ಆರು ಸುತ್ತು. ಮುಂದೆ ಬಂದೋರಿಗೆ ಬರ್ಕೊಡ್ತೀನಿ. ಅಲ್ಲೀವರೆಗೆ ನಾನು ಯಾರ ದೋಣಿ ಬಗ್ಗೇನೂ ತುಟಿ ಬಿಚ್ಚಲ್ಲ."

"ಆಣೆ ಮಾಡಿ," ಅಂದರು ಅತ್ತಿಗೆ. ಮಾಡಿದ.

ಪ್ರೊಪೆಲ್ಲರ್ ಅಂದರೆ ಎರಡು ಎಲೆಯ, ಹೆಬ್ಬೆರಳಿನಷ್ಟು ಅಗಲದ ಲೋಹದ ಚೂರು. ಅದನ್ನು ತೆಳ್ಳಗಿನ ಸರಳಿಗೆ ಪೋಣಿಸಿ, ಎರಡು ಬ್ಲೇಡುಗಳ ಬಾಯಿಯ ಮೇಲೆ ಇಟ್ಟರೆ ಭಾರದ ಎಲೆ ತಾನಾಗಿ ಕೆಳಗೆ ತಿರುಗುತ್ತದೆ. ಆ ಎಲೆಯ ಬೆನ್ನನ್ನು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಉಜ್ಜಿ ನಯಮಾಡುವ ಮಿಷಿನ್ನಿನಲ್ಲಿ ಕೂದಲೆಳೆಯಷ್ಟು ತೆಗೆಯಬೇಕು. ಹೇಗೆ ನಿಲ್ಲಿಸಿದರೂ ಹಾಗೇ ನಿಲ್ಲುವ ತನಕ ಇದೇ ಕೆಲಸ. ಆಮೇಲೆ ದೋಣಿಯ ಸಮತೋಲ. ಹೊಟ್ಟೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ, ಹಿಂಬದಿಯಿಂದ ಮೂರನೇ ಒಂದು ಭಾಗದ ಹತ್ತಿರ ಅದು ಮಟ್ಟಸವಾಗಿ ತೂಗಬೇಕು. ಮೂತಿ ಭಾರವಾದರೆ ನೀರಿಗೆ ಮೂಗು ತೂರಿಸುತ್ತದೆ, ಹಿಂದೆ ಭಾರವಾದರೆ ಗಾಳಿಗೆ ಎದ್ದು ಅಂಗಾತ ಬೀಳುತ್ತದೆ. ಎರಡನ್ನೂ ತಪ್ಪಿಸುವುದು ಬ್ಯಾಟರಿ ಇಡುವ ಜಾಗ.

ಹಳದಿ ದೋಣಿಗೆ ಮಾತ್ರ ಈ ಲೆಕ್ಕ ಒಗ್ಗುವುದಿಲ್ಲ. ಅದರ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಹೋಗುವ ಕೊಳವೆಯ ಬುಡದಲ್ಲಿ ಸಣ್ಣ ಬಿರುಕು. ಎರಡು ಸುತ್ತು ಓಡಿದರೆ ಅರ್ಧ ಲೋಟ ನೀರು ಒಳಗೆ ಬರುತ್ತದೆ, ವೇಗ ಏರಿದಂತೆ ಆ ನೀರು ಹಿಂದಕ್ಕೆ ಓಡಿ ಕೂರುತ್ತದೆ. ಅದಕ್ಕೇ ನಾವು ಬ್ಯಾಟರಿಯನ್ನು ಎರಡು ಬೆರಳು ಮುಂದೆ ಇಟ್ಟು, ಪಂದ್ಯಕ್ಕೆ ಮೊದಲು ಎರಡು ಸುತ್ತು ಸುಮ್ಮನೆ ಓಡಿಸಿ, ಅದಕ್ಕೆ ನೀರು ಕುಡಿಸುತ್ತಿದ್ದೆವು. ಬಿರುಕು ಮುಚ್ಚಿದರೆ ಎಲ್ಲ ಅಳತೆಯನ್ನೂ ಮೊದಲಿನಿಂದ ಮಾಡಬೇಕು. ಓಡುತ್ತಿರೋದನ್ನ ಕೆದಕಬೇಡ ಅನ್ನುತ್ತಿದ್ದ ಅಣ್ಣ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಗುರುವಾರ ಲ್ಯಾಬಿನಿಂದ ಬಂದು ನೋಡಿದರೆ ನನ್ನ ದೋಣಿಯ ಮುಚ್ಚಳದ ಟೇಪು ಎಡದಿಂದ ಬಲಕ್ಕೆ ಅಂಟಿತ್ತು. ನಾನು ಅಂಟಿಸುವುದು ಬಲದಿಂದ ಎಡಕ್ಕೆ. ಅತ್ತಿಗೆ ಇನ್ನೂ ಬಸ್ಸಿನ ಪಾಳಿಯಲ್ಲಿದ್ದರು. ಗೆರೆ ದಾಟಿ ಅವರ ದೋಣಿಯ ಮುಚ್ಚಳ ತೆಗೆದೆ. ಬ್ಯಾಟರಿ ನನ್ನದು ಎಲ್ಲಿದೆಯೋ ಅಲ್ಲೇ, ಒಂದು ಗೆರೆಯ ವ್ಯತ್ಯಾಸವಿಲ್ಲ. ಅಳತೆಯ ಪೆನ್ಸಿಲ್ ಗುರುತು ಕೂಡ ಅಳಿಸಿರಲಿಲ್ಲ ಮಹಾತಾಯಿ.

ಹೊಸ ದೋಣಿ, ಒಂದು ಹನಿ ನೀರು ಒಳಗೆ ಬಾರದ ದೋಣಿ, ಬ್ಯಾಟರಿ ಎರಡು ಬೆರಳು ಮುಂದೆ! ಮೊದಲ ತಿರುವಿನಲ್ಲೇ ಮೂಗು ತೂರಿಸುತ್ತದೆ.

ಹೇಳಬಹುದಿತ್ತು. ಮುಚ್ಚಳ ಹಾಕಿ, ಟೇಪು ಅವರ ಥರವೇ ಅಂಟಿಸಿ, ಕೈ ತೊಳೆದುಕೊಂಡೆ. ಆ ದಿನ ಊಟ ರುಚಿಸಿತು.

ಭಾನುವಾರ ಕೆರೆಯ ದಡದಲ್ಲಿ ಕ್ಲಬ್ಬಿನ ಉಳಿದ ಹನ್ನೊಂದು ಜನವೂ ಇದ್ದರು. ಕಾರ್ಯದರ್ಶಿಯನ್ನು ಎಲ್ಲರೂ ಶಿಳ್ಳೆ ಮೇಷ್ಟ್ರು ಅನ್ನುತ್ತಾರೆ. ನಿವೃತ್ತಿಯಾದರೂ ಕೊರಳಿನಿಂದ ಶಿಳ್ಳೆ ಇಳಿಸದ ವ್ಯಾಯಾಮದ ಮೇಷ್ಟ್ರು.

"ನಿಯಮ ಗೊತ್ತಲ್ಲ?" ಅಂದರು. "ಹುಟ್ಟು ದೋಣಿ ನೀರಿಗಿಳಿದ್ರೆ ಓಟ ಬಂದ್. ಯಾರ ತಲೆಗೂ ಪೆಟ್ಟಾಗಬಾರದು. ಆರು ಸುತ್ತು ಮುಗಿಯೋ ಮುಂಚೆ ಬಂದ್ ಆದ್ರೆ ಮತ್ತೆ ಮೊದಲಿಂದ."

ನಾನು ಎರಡು ಸುತ್ತು ಸುಮ್ಮನೆ ಓಡಿಸಿಕೊಂಡೆ. ಅತ್ತಿಗೆ ನೋಡಿ ನಕ್ಕರು. "ಭಯ ಹೋಗ್ಲಿ ಅಂತನಾ?"

ಶಿಳ್ಳೆ. ಎರಡೂ ದೋಣಿ ಕಿರುಚಿಕೊಂಡು ಹೊರಟವು. ಬಸ್ಸು ನಡೆಸುವ ಕೈ, ಅತ್ತಿಗೆಯ ಹಿಡಿತಕ್ಕೆ ಹೆಸರಿಡುವಂತಿರಲಿಲ್ಲ, ತಿರುವಿನ ಗುರುತಿನ ತೇಲುಚೆಂಡಿನ ಪಕ್ಕಕ್ಕೇ ತಂದು ತಿರುಗಿಸಿದರು. ದೋಣಿ ಮೂಗು ತಗ್ಗಿಸಿತು, ನೀರಿನೊಳಗೆ ಹೋಯಿತು, ಒಂದಷ್ಟು ದೂರ ಮೀನಿನ ಹಾಗೆ ಒಳಗೇ ಸಾಗಿ ಹೊಟ್ಟೆ ಮೇಲಾಗಿ ಎದ್ದಿತು.

ಅತ್ತಿಗೆ ರಿಮೋಟ್ ಕೆಳಗಿಟ್ಟರು. ನಾನು ಸುತ್ತು ಮುಗಿಸುತ್ತಲೇ ಇದ್ದೆ, ಒಂದು, ಎರಡು, ಮೂರು. ನೋಡಿದರೆ ಅವರು ಸೀರೆ ಎತ್ತಿ ಸಿಕ್ಕಿಸಿ ಹುಟ್ಟು ದೋಣಿಗೆ ಹತ್ತಿಯೇಬಿಟ್ಟರು. ಮೇಷ್ಟ್ರು ಶಿಳ್ಳೆ ಊದಿದರು, ಓಟ ಬಂದ್.

"ಬೇಕಂತಲೇ ಇಳಿದ್ರಿ!" ಅವರು ವಾಪಸು ಬಂದ ಕೂಡಲೇ ಕೂಗಿದೆ. "ನನ್ನ ಓಟ ಮುಗಿಯೋವರೆಗೆ ಅದು ಅಲ್ಲೇ ತೇಲ್ತಾ ಇರ್ತಿತ್ತು."

"ಹೌದು, ಬೇಕಂತಲೇ. ನಿಯಮ ಮೇಷ್ಟ್ರು ಹೇಳಿದ್ರಲ್ಲ, ನೀನು ಕೇಳಿಸ್ಕೊಂಡಿಲ್ವಾ?"

"ಮೋಸ ಅನ್ನೋದು ಇದಕ್ಕೆ."

"ಮೋಸದ ಮಾತು ನೀನಾಡ್ತೀಯಾ? ಅದೇ ಅಳತೆ, ಅದೇ ಬ್ಯಾಟರಿ. ನಿಂದು ಓಡುತ್ತೆ, ನಂದು ಮುಳುಗುತ್ತೆ. ಏನು ಮಾಡಿದೀಯ ಹೇಳು."

"ಕದ್ದ ಅಳತೆ ಅತ್ತಿಗೆ. ಕದ್ದಿದ್ದಕ್ಕೆ ಗ್ಯಾರಂಟಿ ಬರಲ್ಲ."

ಸುತ್ತ ಇದ್ದವರು ಹೋ ಎಂದರು. ಅದೇ ಹುರುಪಿನಲ್ಲಿ ನಾನು ನನ್ನ ದೋಣಿಯನ್ನು ಎತ್ತಿ ಮೇಜಿಗೆ ಇಟ್ಟು, ಮುಚ್ಚಳ ತೆಗೆದು ಓರೆ ಮಾಡಿದೆ. ಅಭ್ಯಾಸ ನೋಡಿ. ನೀರು ಸುರಿಯಿತು.

ಅತ್ತಿಗೆಯ ಕಣ್ಣು ನೀರಿನ ಮೇಲೆ ನಿಂತಿತು. ಅವರ ತಲೆ ಎಷ್ಟು ಚುರುಕು ಅನ್ನುವುದು ನನಗೆ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೇ.

"ಓಹೋ," ಅಂದರು ನಿಧಾನಕ್ಕೆ. "ಮಕ್ಕಳೆಲ್ಲ ಹಿಂದಿನ ಸೀಟಿಗೆ ಹೋಗಿ ಕೂತ್ರೆ ನನ್ನ ಬಸ್ಸಿನ ಸ್ಟೀರಿಂಗ್ ಹಗುರ ಆಗುತ್ತೆ. ಹಾಗೆ ಇದು. ನೀರು ಹಿಂದೆ ಹೋಗುತ್ತೆ, ಅದಕ್ಕೆ ಬ್ಯಾಟರಿ ಮುಂದೆ." ತಮ್ಮ ಬ್ಯಾಟರಿಯನ್ನು ಎರಡು ಬೆರಳು ಹಿಂದಕ್ಕೆ ತಳ್ಳಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಒಂಬತ್ತು ವರ್ಷದಿಂದ ತೂತು ದೋಣಿ ಕಣ್ರಪ್ಪ! ಊರೋರ ಹಲ್ಲೆಲ್ಲಾ ಸರಿಮಾಡ್ತಾಳೆ ಡಾಕ್ಟರಮ್ಮ, ಒಂದು ತೂತು ಮುಚ್ಚೋಕೆ ಬರಲಿಲ್ಲ!"

ಹನ್ನೊಂದು ಜನವೂ ನಕ್ಕರು. ಶಿಳ್ಳೆ ಮೇಷ್ಟ್ರು ಶಿಳ್ಳೆ ಬಾಯಲ್ಲಿಟ್ಟುಕೊಂಡೇ ನಕ್ಕರು, ಅದು ಪೀಪೀ ಅಂತು.

ನನ್ನ ಚೀಲದಲ್ಲಿ ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಮೇಣ ಸದಾ ಇರುತ್ತದೆ. ಲೈಟರಿನಲ್ಲಿ ಕಾಯಿಸಿದೆ. ಕೊಳವೆಯ ಬುಡ ಒರೆಸಿ, ಒಣಗಿಸಿ, ಬಿರುಕಿಗೆ ಮೇಣ ಒತ್ತಿ, ಬೆರಳ ತುದಿಯಲ್ಲಿ ನುಣುಪು ಮಾಡಿದೆ. ಬರುವುದಿಲ್ಲವಂತೆ! ಒಸಡಿನ ಗೆರೆ ಹುಟ್ಟಿದ ಹಾಗೇ ಕೂರಿಸುವವಳು ನಾನು. ಎಂಥ ಕೆಲಸ ಅಂದರೆ, ಬಿರುಕು ಎಲ್ಲಿತ್ತು ಅಂತ ನಾನೇ ಹುಡುಕಬೇಕಾಯಿತು.

ಅಣ್ಣ ಹತ್ತಿರ ಬಂದು ಬಗ್ಗಿದ. ಮೇಣ ನೋಡಿದ, ನನ್ನ ಮುಖ ನೋಡಿದ. "ಲೇ, ಆ ಬ್ಯಾ..."

"ನೀನು ಮಾತಾಡಬೇಡ," ಅಂದೆ. ಕಣ್ಣಲ್ಲಿ ನೀರಿತ್ತು, ಅದು ಅವನಿಗೆ ಕಾಣಬಾರದಿತ್ತು. "ಅವರು ನಗಿಸಿದಾಗ ಬಾಯಿ ಮುಚ್ಕೊಂಡಿದ್ದೆ. ಈಗ್ಲೂ ಮುಚ್ಕೊಂಡಿರು."

"ರೀ, ಆಣೆ!" ಅತ್ತಿಗೆ ಆಚೆಯಿಂದ ಕೂಗಿದರು.

ಅಣ್ಣ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆಂಚಿಗೆ ಹೋಗಿ ಕೂತ.

ಎರಡನೇ ಶಿಳ್ಳೆ. ಹೊರಟ ಕ್ಷಣದಲ್ಲೇ ನನ್ನ ಹೆಬ್ಬೆರಳಿಗೆ ತಿಳಿಯಿತು. ಹಳದಿ ದೋಣಿ ನೀರಿನ ಮೇಲೆ ಏಳಲೇ ಇಲ್ಲ, ಮೂತಿಯಿಂದ ನೀರು ಉಳುತ್ತಾ ಹೋಯಿತು. ಒಳಗೆ ಒಂದು ಹನಿ ನೀರಿಲ್ಲ, ಬ್ಯಾಟರಿ ಮಾತ್ರ ಒಂಬತ್ತು ವರ್ಷದಿಂದ ಇದ್ದಲ್ಲೇ ಇತ್ತು. ಅಣ್ಣ ಹೇಳಹೊರಟಿದ್ದು ಆಗ ಹೊಳೆಯಿತು. ಪಕ್ಕದಲ್ಲಿ ಅತ್ತಿಗೆಯ ದೋಣಿ ಚಿಮ್ಮಿಕೊಂಡು ಮುಂದೆ ಹೋಯಿತು. ಹಗುರಾಗಿ, ತಳದ ತುದಿಯಷ್ಟೇ ನೀರಿಗೆ ತಾಗುವ ಹಾಗೆ. ಅಷ್ಟು ಚೆಂದ ಓಡಿದ ದೋಣಿಯನ್ನು ನಾನು ಈಚೆಗೆ ನೋಡಿರಲಿಲ್ಲ, ಹೊಟ್ಟೆ ಉರಿಯಿತು.

ನಿಧಾನವಾಗಿ ಓಡಿಸಿದ್ದರೆ ಆರು ಸುತ್ತು ಮುಗಿಸುತ್ತಿದ್ದೆನೇನೋ. ಎರಡನೆಯವಳಾಗಿ. ನಾನು ಪೂರ್ತಿ ಒತ್ತಿದೆ. ಎರಡನೇ ಸುತ್ತಿನ ತಿರುವಿನಲ್ಲಿ ಹಳದಿ ಮೂಗು ಒಳಗೆ ಹೋಯಿತು. ಅತ್ತಿಗೆ ಆರೂ ಸುತ್ತು ಒಬ್ಬರೇ ಓಡಿಸಿ, ದಡಕ್ಕೆ ತಂದು ನಿಲ್ಲಿಸಿ, ಹುಟ್ಟು ದೋಣಿ ಹತ್ತಿದರು.

"ನನ್ನ ದೋಣಿ ನಾನು ತರ್ತೀನಿ," ಅಂದೆ.

"ಹುಟ್ಟು ಯಾವ ಕಡೆ ಹಿಡಿಯೋದು ಗೊತ್ತಾ? ಸುಮ್ನಿರು."

ಅವರು ಬರುವಷ್ಟರಲ್ಲಿ ಶಿಳ್ಳೆ ಮೇಷ್ಟ್ರು ಕಾಗದ ಸಿದ್ಧ ಮಾಡಿದ್ದರು. ಗಾಳಿಗೆ ಅದು ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. ಅತ್ತಿಗೆಯ ಕೈ ಮೊಣಕೈವರೆಗೂ ಒದ್ದೆ, ಪಾಚಿ ಬೇರೆ.

"ಹಿಡ್ಕೋ ಅದನ್ನ," ಅಂದರು ನನಗೆ.

ಹಿಡಿದೆ. ಎರಡೂ ಅಂಗೈ ಒತ್ತಿ ಹಿಡಿದೆ. ಅಣ್ಣ ಪೆನ್ನು ತೆಗೆದುಕೊಂಡ, ಮೊದಲ ಅಕ್ಷರ ಶುರುಮಾಡಿದ, ಪೆನ್ನು ತನ್ನಷ್ಟಕ್ಕೆ ಹಾರಿ ನನ್ನ ಉಗುರಿಗೆ ಮಸಿ ಹಚ್ಚಿತು. ಮತ್ತೆ ಹಿಡಿದ. ಬರೆಯುವುದು ಮುಗಿದಾಗ ಕಾಗದದ ಮೇಲೆ ಇದ್ದದ್ದು ಸಹಿಯಲ್ಲ, ಕೆರೆಯ ಅಲೆ.

ಮೇಷ್ಟ್ರು ಹಳೆಯ ಪುಸ್ತಕ ಬಿಚ್ಚಿ ಪಕ್ಕದಲ್ಲಿಟ್ಟು ನೋಡಿದರು. ತಲೆ ಕೆರೆದುಕೊಂಡರು. "ಹೊಂದಲ್ಲಮ್ಮ. ಹೀಗಿದ್ರೆ ಸಮಿತಿಗೆ ಹೋಗಬೇಕು. ಅವರು ಇವರನ್ನ ಕರೆಸಿ ಎದುರಿಗೆ ಬರೆಸ್ತಾರೆ. ಅಲ್ಲೀವರೆಗೆ ಜಾಗ ಯಾರಿಗೂ ಇಲ್ಲ. ಓಟನೂ ಮತ್ತೆ ಮಾಡಿ ಅಂದ್ರೂ ಅನ್ನಬಹುದು."

ಮತ್ತೆ ಓಟ. ಬ್ಯಾಟರಿ ಹಿಂದಕ್ಕೆ ಸರಿಸುವುದು ಎಷ್ಟರ ಕೆಲಸ? ಬಿರುಕು ಮುಚ್ಚಿದ ಹಳದಿ ದೋಣಿ ಸರಿಯಾಗಿ ತೂಗಿದರೆ ಹೇಗೆ ಓಡಬಹುದು ಅನ್ನುವುದು ನನ್ನ ಬೆರಳುಗಳಿಗೆ ಆಗಲೇ ಗೊತ್ತಿತ್ತು.

"ನಾನು ಹೇಳ್ತೀನಲ್ಲ, ಅವರದ್ದೇ ಸಹಿ," ಅಂದರು ಅತ್ತಿಗೆ.

"ಜಾಗ ಸಿಗೋರು ಹೇಳಿದ್ರೆ ನಡೆಯಲ್ಲ. ಮನೆಯವರಲ್ಲೇ ಇನ್ನೊಬ್ಬರು ಸಾಕ್ಷಿ ಸಹಿ ಹಾಕಬೇಕು."

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಬೇಡಿಕೊಳ್ಳುವವರಲ್ಲ ಅವರು, ಅದಕ್ಕಿಂತ ನೀರಿಗೆ ಬೀಳಿ ಅನ್ನಿ, ಬೀಳುತ್ತಾರೆ. ಅಣ್ಣನೂ ನೋಡಲಿಲ್ಲ. ಅವನು ತನ್ನ ಕೈಯನ್ನು ನೋಡುತ್ತಿದ್ದ, ಬೇರೆ ಯಾರೋ ಮೇಜಿನ ಮೇಲೆ ಮರೆತುಹೋದ ವಸ್ತುವನ್ನು ನೋಡುವ ಹಾಗೆ.

"ಪೆನ್ನು ಕೊಡಿ," ಅಂದೆ.

"ನಿನ್ನ ಉಪಕಾರ ನಂಗೆ ಬೇಡ," ಅಂದರು ಅತ್ತಿಗೆ.

"ನಿಮಗಲ್ಲ. ಸಮಿತಿಯ ಐದು ಜನ ಸುತ್ತ ಕೂತು ಅಣ್ಣನ ಕೈ ಕುಣಿಯೋದನ್ನ ನೋಡೋದು ಬೇಡ."

ಹೆಸರು ಬರೆದು, ಕೆಳಗೆ ಗೆರೆ ಎಳೆದೆ. ಮೇಷ್ಟ್ರು ಸೀಲು ಒತ್ತಿದರು. ಅತ್ತಿಗೆ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಕಾಗದ ತೆಗೆದುಕೊಂಡರು, ಮೇಲಿಂದ ಕೆಳಗೆ ಓದಿದರು.

"ಮುಂದಿನ ಭಾನುವಾರ ಪಂದ್ಯ ಇದೆ," ಅಂದರು ಕಾಗದಕ್ಕೆ. "ಪ್ರೊಪೆಲ್ಲರ್ ತೂಗಬೇಕು."

"ತೂಗ್ಕೊಳ್ಳಿ."

"ನಂಗೆ ಬರಲ್ಲ ಅಂತ ನಿಂಗೊತ್ತು."

"ಗೊತ್ತು," ಅಂದೆ. ಹಳದಿ ದೋಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಣ್ಣನನ್ನು ಎಬ್ಬಿಸಿದೆ.